ಅಕ್ಕನ ಅಳತೆಯ ಸೀಟು

ಮುಂಬಯಿಯ ಮುಲುಂಡ್ ಸ್ಟೇಶನ್ನಿನ ಹೊರಗೆ ನೇಮ್‌ಪ್ಲೇಟ್ ಮಾಡಿಕೊಡುವ ಅಂಗಡಿಯೊಂದಿದೆ. ಅಲ್ಲಿ ಪ್ಲಾಸ್ಟಿಕ್ ಹಾಳೆ ಕೊಯ್ಯುವಾಗ ಸಿಹಿಸಿಹಿಯಾದ ಒಂದು ಸುಟ್ಟ ವಾಸನೆ ಬರುತ್ತದೆ. ನಿಮಗೆ ಏನೂ ಅನ್ನಿಸಲಿಕ್ಕಿಲ್ಲ. ನಾನು ಮಾತ್ರ ಸೆರಗನ್ನು ಮೂಗಿಗೆ ಹಿಡಿಯುತ್ತೇನೆ. ಐವತ್ತರ ದಶಕದಲ್ಲಿ ಮಾಟುಂಗದ ನಮ್ಮ ಚಾಳಿನ ಅಂಗಳದಲ್ಲೆಲ್ಲ ಇದೇ ವಾಸನೆ.

ಭಾವ, ಅಂದರೆ ನನ್ನ ಅಕ್ಕನ ಗಂಡ, ಗ್ಯಾರೇಜಿನಲ್ಲಿ ಫಿಟ್ಟರ್. ಅಕ್ಕನಿಗೆ ಕ್ಷಯ. ಅಡುಗೆಗೆಂದು ಊರಿಂದ ನನ್ನನ್ನು ಕರೆಸಿದ್ದರು. ನನ್ನ ಸಾರು ಕುಡಿದೂ ಅಕ್ಕ ಅಷ್ಟು ದಿನ ಬದುಕಿದ್ದೇ ದೊಡ್ಡದು ಬಿಡಿ. ರೋಗ ಅಂಟಬಾರದೆಂದು ಮಗಳು ಶಾಂತಿಯನ್ನು ಉಡುಪಿಯಲ್ಲಿ ನಮ್ಮಮ್ಮನ ಹತ್ತಿರ ಬಿಟ್ಟಿದ್ದರು. ಅಕ್ಕನಿಗಿದ್ದ ಆಸೆ ಒಂದೇ, ಮಗುವನ್ನು ನೋಡಬೇಕು. ಊರಿಗೆ ಹೋಗುವ ಸ್ಟೀಮರಿನಲ್ಲಿ ಕೆಮ್ಮಿದರೆ ಜನ ಎದ್ದು ಆಚೆ ಹೋಗುತ್ತಾರೆ. ಹಾಗಾಗಿ ತಮ್ಮ ಹಳೇ ಮಿಲಿಟರಿ ಮೋಟಾರ್‌ಸೈಕಲ್ಲಿನಲ್ಲೇ ಕರಕೊಂಡು ಹೋಗುತ್ತೇನೆಂದು ಭಾವ ಹಟ ಹಿಡಿದರು.

ಎದೆಗೆ ಗಾಳಿ ತಾಗಬಾರದೆಂದು ಡಾಕ್ಟರು ಹೇಳಿದ್ದರು. ಸರಿ, ಕುರ್ಲಾದ ಗುಜರಿಯಿಂದ ವಿಮಾನದ ಕಿಟಕಿಯ ಪ್ಲಾಸ್ಟಿಕ್ ತಂದು, ಕೊಯ್ದು, ಬಿಸಿಮಾಡಿ ಬಗ್ಗಿಸಿ, ಹ್ಯಾಂಡಲಿನ ಮುಂದೆ ಗಾಳಿತಡೆ ನಿಲ್ಲಿಸಿದರು. ಆಮೇಲೆ ಕಾಲಿಗೆ ತಗಡಿನ ಮರೆ. ಆಮೇಲೆ ಮದ್ದಿನ ಪೆಟ್ಟಿಗೆ. ಆಮೇಲೆ ಒರಗಲಿಕ್ಕೆ ಬೆನ್ನು, ಎರಡೂ ಬದಿ ಕೈ ಇರುವ ಹಿಂದಿನ ಸೀಟು. ಅದಕ್ಕೆ ಅಕ್ಕನನ್ನು ನಿಲ್ಲಿಸಿ ದರ್ಜಿಯ ಹಾಗೆ ಅಳತೆ ತೆಗೆದರು. ಭಾರೀ ಚಂದದ ಕೆಲಸ. ಚಾಳಿನವರೆಲ್ಲ ಬಂದು ಮುಟ್ಟಿ ನೋಡಿದರು.

ಸೀಟು ತಯಾರಾಗುವಷ್ಟರಲ್ಲಿ ಅಕ್ಕನಿಗೆ ಅದು ದೊಡ್ಡದಾಯಿತು. ಭಾವ ಬದಿಗಳಿಗೆ ತೆಂಗಿನ ನಾರು ತುಂಬಿ ರೆಕ್ಸಿನ್ ಹೊಲಿದರು. ಸ್ವಲ್ಪ ದಿನಕ್ಕೆ ಮತ್ತೆ ಸಡಿಲ. ಮತ್ತೆ ನಾರು.

“ಹೀಗೇ ಹೊರಡುವ ಮಾರಾಯ್ರೆ,” ಅಂದಳು ಅಕ್ಕ. “ನನಗೆ ಬೀಳುವ ಹೆದರಿಕೆಯೆಲ್ಲ ಇಲ್ಲ.”

“ಇನ್ನೊಂದು ಆದಿತ್ಯವಾರ ತಡಿ. ಮಳೆ ಬಂದ್ರೆ ತಲೆ ಮೇಲೆ ಏನೂ ಇಲ್ಲ.”

“ನಿಮ್ಮ ಗಾಡಿ ತಯಾರಾಗುವಾಗ ನಾನಿರುದಿಲ್ಲ.”

ಭಾವ ಸ್ಪ್ಯಾನರ್ ಹಿಡಿದು ಅಂಗಳಕ್ಕಿಳಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಈಗ ಅನ್ನಿಸುತ್ತದೆ, ಗಾಡಿಯಲ್ಲಿ ಕೆಲಸ ಬಾಕಿ ಇರುವಷ್ಟು ದಿನ ಹೆಂಡತಿ ಸಾಯುವುದಿಲ್ಲ ಎಂದು ಪಾಪ, ಅವರು ನಂಬಿದ್ದರು.

ಭಾವ ತಲೆಯ ಮೇಲಿನ ಕ್ಯಾನ್ವಾಸ್ ಹೊಲಿಯುತ್ತಿದ್ದ ಒಂದು ಮಧ್ಯಾಹ್ನ ಅಕ್ಕ ಹೋದಳು.

ಕಾರ್ಯವೆಲ್ಲ ಮುಗಿದ ಮೇಲೆ ಭಾವ ಅದೇ ಗಾಡಿಯಲ್ಲಿ ಊರಿಗೆ ಹೋಗಿ ಮಗಳನ್ನು ಕರೆತಂದರು. ಗಾಡಿ ಚಾಳಿನ ಮುಂದೆ ನಿಂತಾಗ ನಾನು ಬಾಗಿಲಲ್ಲಿದ್ದೆ. ನಾರು ತುಂಬಿ ತುಂಬಿ ಕಿರಿದಾಗಿದ್ದ ಆ ಸೀಟಿನಲ್ಲಿ ಆರು ವರ್ಷದ ಶಾಂತಿ, ಅವಳಿಗೆಂದೇ ಮಾಡಿಸಿದ ಹಾಗೆ ಕೂತು, ನಿದ್ದೆಹೋಗಿದ್ದಳು. ಒಂದಿಷ್ಟೂ ಸಡಿಲ ಇರಲಿಲ್ಲ. ಅಯ್ಯೋ ದೇವರೇ, ನನ್ನಕ್ಕ ಕೊನೆಗೆ ಇಷ್ಟೇ ಉಳಿದಿದ್ದಳೇ!

ಈಗ ಆ ಅಂಗಡಿಯಲ್ಲಿ ನಾನು ಮಾಡಿಸಿದ ನೇಮ್‌ಪ್ಲೇಟು ಶಾಂತಿಗೇ. ಅಂಧೇರಿಯಲ್ಲಿ ಹೊಸ ಮನೆ ಮಾಡಿದ್ದಾಳೆ. “ಚಿಕ್ಕಮ್ಮ, ಯಾವಾಗ ಬರ್ತೀರಿ?” ಎಂದು ಕೇಳಿ ಕೇಳಿ ಅವಳಿಗೂ ಸಾಕಾಗಿದೆ, ಬರಿಗೈಯಲ್ಲಿ ಹೇಗೆ ಹೋಗುವುದೆಂದು ನಾನೇ ಮುಂದೆ ಹಾಕುತ್ತಿದ್ದೆ. ಅಂಗಡಿಯವನು ಅಂಚು ತೋರಿಸಿ, ಇನ್ನೂ ಒರಟಿದೆ ಆಜಿ, ಉಜ್ಜಿ ನುಣುಪು ಮಾಡಿಡ್ತೇನೆ, ನಾಳೆ ಬನ್ನಿ ಎಂದು ಹಿಂದಿಯಲ್ಲಿ ಹೇಳಿದ.

“ಬೇಡ. ಹೀಗೇ ಕೊಡು,” ಅಂದೆ.

ಪೇಪರಿನಲ್ಲಿ ಸುತ್ತಿಸಿಕೊಂಡು ಅಂಧೇರಿಗೆಂದು ಸಿಕ್ಕಿದ ಲೋಕಲ್ ಹತ್ತಿದೆ. ಅಂಚು ಕೈಗೆ ಚುಚ್ಚುತ್ತಿತ್ತು. ಚುಚ್ಚಲಿ.