ಅಕ್ಸೆಲ್ ಅಜ್ಜ ದಾಟದ ಕಾರಿಡಾರು

ಸರೋವರದ ದಡದ ನಿಪಿಗನ್ ಊರಿನಲ್ಲಿ ಲೆನೋರ್ ಕೈಯಾಡಿಸದ ದೀಪವೇ ಇಲ್ಲ ಎನ್ನಬಹುದು. ಚರ್ಚಿರಲಿ, ಶಾಲೆಯಿರಲಿ, ಎಲ್ಲಿ ಎಷ್ಟು ಬೆಳಕು ಬೀಳಬೇಕೆಂದು ಗೆರೆ ಎಳೆದು ಕೊಟ್ಟವಳು ಅವಳೇ. ಮರೆವಿನ ಕಾಯಿಲೆಯ ಹಿರಿಯರನ್ನು ನೋಡಿಕೊಳ್ಳುವ ಮನೆಯ ಕೆಲಸ ಸಿಕ್ಕಾಗ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆಸ್ಪತ್ರೆಯ ಥರ ಕಾಣಬಾರದೆಂದು ಉದ್ದನೆಯ ಕಾರಿಡಾರಿನಲ್ಲಿ ಅಲ್ಲೊಂದು ಇಲ್ಲೊಂದು ದೀಪ ಇಟ್ಟಳು. ಬಿಳಿ ನೆಲದ ಮೇಲೆ ಬೆಳಕಿನ ವೃತ್ತಗಳು, ನಡುನಡುವೆ ದಟ್ಟ ನೆರಳು. ನೋಡಿದವರೆಲ್ಲ ಹೊಗಳಿದರು, ಅವಳೂ ಹಿಗ್ಗಿದಳು. ಅಲ್ಲಿರುವವರನ್ನು ಮಾತ್ರ ಒಂದು ಮಾತು ಕೇಳಲಿಲ್ಲ. ಅವರಿಗೇನು ತಿಳಿಯುತ್ತದೆ ಅಂದುಕೊಂಡಿದ್ದಳು.

ಚಳಿಗಾಲ ಕಳೆದ ಮೇಲೆ ತನ್ನ ದೀಪಗಳ ಫೋಟೊ ತೆಗೆಯಲು ಹೋದಳು. ಕಾರಿಡಾರಿನ ತುದಿಯಲ್ಲಿ ಅಕ್ಸೆಲ್ ಅಜ್ಜ ಗಾಲಿಕುರ್ಚಿಯಲ್ಲಿ ಕೂತಿದ್ದ, ಸೊಂಟಕ್ಕೆ ಬೆಲ್ಟು ಬಿಗಿದಿತ್ತು. ಜೀವಮಾನವೆಲ್ಲ ಹೆಪ್ಪುಗಟ್ಟಿದ ಸರೋವರದ ಮೇಲೆ ಓಡಾಡಿ ಮೀನು ಹಿಡಿದ ಮನುಷ್ಯ, ಇಲ್ಲಿಗೆ ನಡೆದೇ ಬಂದಿದ್ದ. ಏನಾಯಿತೆಂದು ದಾದಿ ಬರ್ನೀಸಳನ್ನು ಕೇಳಿದಳು. ಬರ್ನೀಸ್ ಅವಳ ಶಾಲೆಯ ಗೆಳತಿ, ಮಾತಿನಲ್ಲಿ ಮುಲಾಜಿಲ್ಲ.

"ಊಟಕ್ಕೆ ಕರ್ಕೊಂಡು ಹೊರಟ್ರೆ ಇಲ್ಲಿ ಬಂದ ಕೂಡ್ಲೇ ಬೋರಲು ಮಲಗಿ ತೆವಳ್ತಿದ್ದ ಕಣೆ. ತಲೆ ಪೂರ್ತಿ ಕೆಡ್ತು ಅಂತ ಚಳಿಗಾಲ ಶುರುವಾದಾಗಿಂದ ಕಟ್ಟಿ ಕೂರಿಸಿದ್ದಾರೆ. ನೀನು ನಿನ್ನ ಫೋಟೊ ತಕ್ಕೊಳಮ್ಮ."

ಲೆನೋರ್ ಕ್ಯಾಮೆರಾ ಎತ್ತಿ ಒಂದು ಹೆಜ್ಜೆ ಹಿಂದಕ್ಕೆ, ನೆರಳಿನತ್ತ ಸರಿದಳು. ಅಜ್ಜ ಅವಳ ಕೋಟಿನ ಅಂಚು ಹಿಡಿದು ಎಳೆದ.

"ಕಪ್ಪಗಿರೋ ಕಡೆ ಕಾಲಿಡಬೇಡ ಮಗಳೇ. ಐಸು ತೆಳ್ಳಗಾಗಿದೆ. ಮಲಕ್ಕೊಂಡು ಬಾ."

ಅವಳ ಮುಖಕ್ಕೆ ಬಾರಿಸಿದಂತಾಯಿತು. ಅವಳೂ ಅದೇ ಸರೋವರದ ದಡದಲ್ಲಿ ಬೆಳೆದವಳು. ವಸಂತದಲ್ಲಿ ಬಿಳಿಯ ನಡುವೆ ಕಪ್ಪು ಕಂಡರೆ ಅಡಿಯಲ್ಲಿ ನೀರು, ಭಾರ ಹಂಚಿಹೋಗುವಂತೆ ಬೋರಲು ಮಲಗಿ ತೆವಳಬೇಕು ಎಂದು ಅವಳ ಅಪ್ಪನೂ ಕಲಿಸಿದ್ದ. ಆ ಕಪ್ಪನ್ನು ಇಲ್ಲಿ ಹರಡಿದವಳು ತಾನೇ. ಅಜ್ಜ ಪ್ರಾಣ ಉಳಿಸಿಕೊಳ್ಳಲು ತೆವಳಿದ್ದ, ಈಗ ಅವಳನ್ನೂ ಉಳಿಸಲು ನೋಡುತ್ತಿದ್ದ. ನಾಚಿಕೆಯಿಂದ ಅವಳಿಗೆ ತಲೆ ಎತ್ತಲಾಗಲಿಲ್ಲ. ತಪ್ಪು ನನ್ನದು ಎಂದು ಬರ್ನೀಸಳಿಗೆ ಹೇಳಿ ಕ್ಯಾಮೆರಾ ಕೆಳಗಿಟ್ಟಳು.

ದೀಪಗಳನ್ನೆಲ್ಲ ಕೀಳಿಸಿ, ಕಾರಿಡಾರಿನ ಉದ್ದಕ್ಕೂ ಒಂದೇ ಸಮನೆ ಬೆಳಕು ಬೀಳುವಂತೆ ಮಾಡಿಸಿದಳು. ಎಲ್ಲಿ ಹುಡುಕಿದರೂ ನೆರಳಿರಲಿಲ್ಲ. ಬರ್ನೀಸ್ ಬೆಲ್ಟು ಬಿಚ್ಚಿದಳು. ಅಜ್ಜ ನೆಲವನ್ನು ಆ ತುದಿಯವರೆಗೂ ನೋಡಿದ, ಮುಖ ಅರಳಿತು, ಏಳಲು ಹೋದ. ಚಳಿಗಾಲವಿಡೀ ಕೂತ ಕಾಲುಗಳು ಮೈಭಾರ ತಾಳಲಿಲ್ಲ. ಇಬ್ಬರೂ ಹಿಡಿದು ಮತ್ತೆ ಕುರ್ಚಿಯಲ್ಲೇ ಕೂರಿಸಬೇಕಾಯಿತು.

"ಐಸು ಗಟ್ಟಿಯಾಗಿದೆ," ಎಂದು ಲೆನೋರಳ ಕೈ ತಟ್ಟಿದ. "ನೀನು ಹೆದರದೆ ದಾಟು ಮಗಳೇ."

ಅವನು ನೋಡುತ್ತಿದ್ದನೆಂದು ಲೆನೋರ್ ಆ ತುದಿಯವರೆಗೂ ನಡೆದಳು. ತಿರುಗಿ ನೋಡುವ ಧೈರ್ಯ ಬರಲಿಲ್ಲ.