ಗೋಡೆ ದಾಟಿ ಹೋದ ಎರೆಹುಳುಗಳು

ಗೆಳತಿಯರೇ, ಇವತ್ತು ಬೆಳಿಗ್ಗೆ ಪಕ್ಕದ ಮನೆಯ ಮಾದಪ್ಪಣ್ಣ ಒಂದು ಕುಕ್ಕೆ ತುಂಬ ಬದನೆಕಾಯಿ ತಂದು ನಮ್ಮ ಅತ್ತೆಯ ಮುಂದಿಟ್ಟರು.

"ನಿಮ್ಮ ಉಪಕಾರ ಮರೆಯಾಕಿಲ್ಲ ಕಣಕ್ಕ. ದಿನಾ ಗೋಡೆ ಮ್ಯಾಲಿಂದ ನಮ್ಮ ಇತ್ಲಿಗೆ ಎರೆಹುಳ ಆಕ್ತಿದ್ರಲ್ಲ!"

ಅತ್ತೆಯ ಮುಖ ಬಿಳುಚಿತು. ಎರೆಹುಳು ಗಿಡದ ಬೇರು ತಿನ್ನುತ್ತದೆ ಎಂಬುದು ಅವರ ನಂಬಿಕೆ. ಮಾದಪ್ಪಣ್ಣನ ಕರು ನಮ್ಮ ದಂಟಿನ ಸೊಪ್ಪು ಮೇಯ್ದಾಗಿನಿಂದ, ನಮ್ಮ ಪಾತಿಯಲ್ಲಿ ಕಂಡ ಹುಳುಗಳನ್ನೆಲ್ಲ ತೆಂಗಿನ ಚಿಪ್ಪಿನಲ್ಲಿ ತುಂಬಿ, ಅವರ ಹಿತ್ತಲು ಹಾಳಾಗಲಿ ಎಂದೇ ಆಚೆ ಎಸೆಯುತ್ತಿದ್ದರು.

ಮಾದಪ್ಪಣ್ಣನಿಗೆ ಅದೇನು ಗೊತ್ತು? "ನಮ್ಮ ಮಣ್ಣು ಕಲ್ಲಾಗಿತ್ತು ಕಣಕ್ಕ. ಈಗ ಬೆರಳಿಟ್ರೆ ಇಳೀತದೆ. ಉಯ್ದ ನೀರು ನಿಲ್ದೆ ಒಳಕ್ಕೋಯ್ತದೆ. ಎರೆಹುಳ ಅಂದ್ರೆ ಮೇವು ಕೇಳದ ಎತ್ತು ಅಂತ ಗ್ರಾಮಸೇವಕರು ಏಳಿದ್ರು, ನಿಜ ಬುಡಿ."

ಅತ್ತೆ ನಮ್ಮ ಪಾತಿಯ ಕಡೆ ತಿರುಗಿ ನೋಡಿದರು. ಮಣ್ಣು ಹೆಪ್ಪುಗಟ್ಟಿ ಬಿರಿದಿತ್ತು. ಬದನೆ ಗಿಡಗಳು ಮೊಣಕಾಲೆತ್ತರಕ್ಕೂ ಬಂದಿರಲಿಲ್ಲ.

"ಅವು ನಮ್ಮನೆ ಹುಳ ಕಣಪ್ಪ," ಎಂದರು ಕೊನೆಗೆ. "ವಾಪಸ್ ಕೊಟ್ಬುಡಿ."

ಮಾದಪ್ಪಣ್ಣ ಸ್ವಲ್ಪವೂ ಬೇಸರಿಸಲಿಲ್ಲ. "ಅದಕ್ಕೇನಂತೆ, ಕರೀರಿ ಅಕ್ಕ. ಬಂದ್ರೆ ಕರ್ಕೊಂಡೋಗಿ."

ನಾನು ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಓಡಿದೆ.

ಮಧ್ಯಾಹ್ನದಿಂದ ಅತ್ತೆ ಗೋಡೆಯ ಬುಡದುದ್ದಕ್ಕೂ ಸಗಣಿ ಹಾಕಿ, ಒಣಗಿದ ಎಲೆ ಹರಡಿ, ಗಳಿಗೆಗೊಮ್ಮೆ ನೀರು ಚಿಮುಕಿಸುತ್ತಿದ್ದಾರೆ. ನಾನು ಈ ಮನೆಗೆ ಬಂದು ಆರು ವರ್ಷವಾಯಿತು. ನನ್ನ ತವರಿನವರಿಗೂ ಇಲ್ಲಿಂದ ಇಷ್ಟು ಆದರದ ಕರೆ ಹೋದದ್ದಿಲ್ಲ.