ಸಿದ್ಧಕಟ್ಟೆಯಿಂದ ಮುಂದಿನ ಹಾಡು

ನಮ್ಮ ಮನೆಯ ಗ್ರೈಂಡರು ಕುಂಟತೊಡಗಿ ಕೆಲವು ವಾರಗಳಾದವು. ನೆಟ್ಟಗೆ ತಿರುಗುತ್ತಿದ್ದದ್ದು ಈಗ ದಡ ದಡ, ದಡ ದಡ, ದಡ ದಡ, ದಡ್ ಎಂದು ಏಳು ಏಟಿಗೆ ಒಂದು ಸುತ್ತು ಮುಗಿಸುತ್ತದೆ. ಬೆಲ್ಟು ಸವೆದಿದೆ ಎಂದು ಹೆಂಡತಿ ಮೊದಲ ದಿನವೇ ಹೇಳಿದ್ದಳು. ನಾನು ಹಾಳಾದದ್ದನ್ನು ಹಾಳಾದ ದಿನವೇ ಸರಿಮಾಡಿಸುವವನು. ನಲ್ಲಿ ತೊಟ್ಟಿಕ್ಕಿದರೆ ನನಗೆ ಊಟ ಸೇರುವುದಿಲ್ಲ. ಅಂಥವನು ಈಗ ಅಕ್ಕಿ ಉದ್ದು ಅರೆಯುವ ಹೊತ್ತಿಗೆ ಸರಿಯಾಗಿ ಪೇಪರು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿ ಕೂರುತ್ತೇನೆ. ಅವಳಿಗೆ ಸಂಶಯ ಬಂದಿದೆ. ನಿಮಗೆ ಕಾರಣ ಹೇಳಬಲ್ಲೆ. ಆದರೆ ಅದಕ್ಕೆ ನೀವು ನನ್ನ ಜೊತೆ ತೊಂಬತ್ತರ ದಶಕದ ಕೊನೆಯ ಒಂದು ಬಸ್ಸು ಹತ್ತಬೇಕು.

ಆಗ ನಾನು ಬಂಟ್ವಾಳ ಪೇಟೆಯಲ್ಲಿ ಬಾಡಿಗೆಗಿದ್ದೆ. ಸಿದ್ಧಕಟ್ಟೆಯ ಬಳಿಯ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮಾಷ್ಟ್ರು. ಓದಿದ್ದು ಬೋರ್ಡಿಂಗಿನಲ್ಲಿ, ಏಳಲು ಒಂದು ಗಂಟೆ, ಮೀಯಲು ಒಂದು ಗಂಟೆ, ಅಳಲೂ ಒಂದು ಗಂಟೆ ಇದ್ದಿದ್ದರೆ ಅದಕ್ಕೂ ಸಾಲಿನಲ್ಲಿ ನಿಲ್ಲುತ್ತಿದ್ದೆವು. ಹೀಗಾಗಿ ಖಾಸಗಿ ಬಸ್ಸಿನವರ ಮೇಲೆ ನನಗೆ ಮೊದಲಿನಿಂದಲೂ ಗೌರವ. ಸ್ವಲ್ಪ ತಡವಾದರೆ ಹಿಂದಿನ ಬಸ್ಸಿನವನು ಬೆನ್ನಿಗೇ ಬಂದು ಹಾರ್ನ್ ಹಾಕುತ್ತಾನೆ. ಆ ಭಯದಲ್ಲಿ ಅವರು ಪಾಲಿಸುವ ಶಿಸ್ತನ್ನು ನಾನು ಯಾವ ಶಾಲೆಯಲ್ಲೂ ಕಂಡಿಲ್ಲ. ಬಿ.ಸಿ.ರೋಡಿನಿಂದ ಹೊರಟು ಬಂಟ್ವಾಳ, ಸಿದ್ಧಕಟ್ಟೆ ದಾಟಿ ಮೂಡುಬಿದಿರೆಗೆ ಹೋಗುವ ನಮ್ಮ ಬಸ್ಸಿನ ಡ್ರೈವರು ಹಂಝ. ಬಿಳಿ ಟೊಪ್ಪಿ, ತೆಳ್ಳನೆ ದೇಹ, ಗೇರು ಹಾಕುವಾಗ ತುಟಿ ಕಚ್ಚುವ ಅಭ್ಯಾಸ.

ಒಂದು ಸೋಮವಾರ ಆ ಬಸ್ಸಿನಲ್ಲಿ ಸಿನೆಮಾ ಹಾಡಿನ ಬದಲು ಬೇರೇನೋ ಕೇಳಿತು. ಗ್ಯಾರೇಜಿನಲ್ಲಿ ತಗಡು ಬಡಿದ ಹಾಗೆ, ನಡುವೆ ಯಾರೋ ಮರೆತು ಬಿಟ್ಟುಹೋದ ಪಿಟೀಲು ನುಡಿದ ಹಾಗೆ, ಮತ್ತೆ ತಗಡು. ಹಂಝನ ತಮ್ಮ ಸೌದಿಯ ದಮ್ಮಾಮಿನಿಂದ ಖರ್ಜೂರದ ಜೊತೆಗೆ ಕಳಿಸಿದ ಕ್ಯಾಸೆಟ್ಟಂತೆ. ಹೊದಿಕೆಯ ಮೇಲೆ ಮುಳ್ಳುಗಳಿಲ್ಲದ ದೊಡ್ಡ ಗಡಿಯಾರದ ಚಿತ್ರ. ಬಸ್ಸಿನವರಿಗೆ ಗಡಿಯಾರ ಒಳ್ಳೆಯದು ಎಂದು ತಮ್ಮ ಆರಿಸಿದ್ದಂತೆ. ಈ ಬಗೆಯ ಸಂಗೀತಕ್ಕೆ ಪ್ರೊಗ್ರೆಸಿವ್ ಮೆಟಲ್ ಎನ್ನುತ್ತಾರೆ ಎಂಬುದೂ ಅವನ ಕಾಗದದಿಂದಲೇ ತಿಳಿದದ್ದು. ಮೆಟಲ್ ಎಂಬುದನ್ನು ನಾವೆಲ್ಲ ಒಪ್ಪಿದೆವು.

ದಿನಾ ಕಟ್ಟಿದ ಬೀಡಿಯನ್ನು ಡಿಪೋಗೆ ಕೊಡಲು ಬರುತ್ತಿದ್ದ ಲಲಿತಕ್ಕ ಎದುರಿನ ಸೀಟಿನವರು. ಹಾಡುಗಾರ ಮೊದಲ ಸಲ ಕಿರುಚಿದಾಗ ಅವರು ಬೀಡಿಯ ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡು, "ಹಂಝ, ಇವನಿಗೆ ಎಂತ ಹೊಟ್ಟೆನೋವಾ? ಸ್ವಲ್ಪ ಓಮದ ನೀರು ಕೊಡು ಮಾರಾಯ" ಎಂದರು. ಇಡೀ ಬಸ್ಸು ನಕ್ಕಿತು. ಹಂಝನೂ ನಕ್ಕ, ಆದರೆ ಕ್ಯಾಸೆಟ್ಟು ತೆಗೆಯಲಿಲ್ಲ.

ನಾನು ನಗಲಿಲ್ಲ. ನನ್ನ ಕಾಲು ತೊಂದರೆಯಲ್ಲಿತ್ತು. ಡ್ರಿಲ್ ಮಾಷ್ಟ್ರ ಕಾಲು ಯಾವ ಸದ್ದಿಗೂ ಎಡ ಬಲ ಎಂದು ಬಡಿಯುತ್ತದೆ. ಆದರೆ ಈ ಹಾಡಿಗೆ ಎಡಗಾಲಲ್ಲಿ ಹೊರಟರೆ ಮುಂದಿನ ಸುತ್ತು ಬಲಗಾಲಲ್ಲಿ ಶುರುವಾಗುತ್ತಿತ್ತು. ಬಂಟ್ವಾಳದ ಸೇತುವೆಯ ಹತ್ತಿರ ನನಗೆ ಸಿಟ್ಟೇ ಬಂತು. ಬೆರಳು ಮಡಿಸಿ ಎಣಿಸಿದೆ. ಏಳು. ನಮ್ಮ ಯಕ್ಷಗಾನ ಆಟದ ಭಾಗವತರು ತ್ರಿವುಡೆ ತಾಳ ಹಾಕುತ್ತಾರಲ್ಲ, ಅದೇ ಏಳು. ಮತ್ತೆ ಎಣಿಸಿದೆ: ಎರಡು ಸುತ್ತು ತಾಳ್ಮೆಯಿಂದ ಕಾದರೆ ಎಡಗಾಲು ಎಡಕ್ಕೇ ಬಂದು ಸೇರುತ್ತದೆ. ಅಂದರೆ ಇವರು ತಾಳ ತಪ್ಪಿದವರಲ್ಲ. ನನಗಿಂತ ದೂರದ ಲೆಕ್ಕ ಇಟ್ಟವರು. ಆ ದಿನದಿಂದ ನಾನು ಕಿಟಕಿಯ ಹೊರಗೆ ನೋಡುವವನಂತೆ ಕೂತು ಅದನ್ನೇ ಕೇಳತೊಡಗಿದೆ.

ಗುಣದೋಷಗಳನ್ನು ಹೇಳಿಬಿಡುತ್ತೇನೆ, ಪ್ರೀತಿ ಇದ್ದಲ್ಲಿ ಲೆಕ್ಕ ಸರಿ ಇರಬೇಕು. ಡ್ರಮ್ಮಿನವನು ಚಿನ್ನದಂಥ ಮನುಷ್ಯ. ಎಷ್ಟೇ ಗಲಾಟೆಯಾದರೂ ಸಾಲು ಕೆಡಲು ಬಿಡುವುದಿಲ್ಲ. ಐದು ಜನ ಐದು ದಿಕ್ಕಿಗೆ ಓಡಿ, ಒಂದೇ ಏಟಿಗೆ ಒಟ್ಟಿಗೆ ನಿಲ್ಲುವ ಜಾಗಗಳುಂಟು. ಅಂಥದ್ದನ್ನು ನಾನು ಮಕ್ಕಳಿಂದ ಮಾಡಿಸಲು ಒಂದು ವರ್ಷ ಬೇಕು. ಗಿಟಾರಿನವನಿಗೆ ಕೈ ಉಂಟು, ಬುದ್ಧಿ ಕಮ್ಮಿ. ಹುಡುಗಿಯರ ಕ್ಲಾಸು ಹೊರಗೆ ಬಂದ ಕೂಡಲೇ ಬಯಲಿನ ಕಬ್ಬಿಣದ ಬಾರಿನಲ್ಲಿ ತಲೆಕೆಳಗಾಗುವ ಹುಡುಗರಿರುತ್ತಾರಲ್ಲ, ಆ ಜಾತಿ. ಒಮ್ಮೆ ಮಾಡಿದರೆ ಚಪ್ಪಾಳೆ, ಹತ್ತು ಸಲ ಮಾಡಿದರೆ ಬೆನ್ನಿಗೆ ಒಂದು ಕೊಡಬೇಕು. ನಡುವೆ ಯಾರೋ ಗಂಟಲು ಸರಿಮಾಡಿಕೊಂಡು ರೈಲು ಬರುವ ಸುದ್ದಿ ಹೇಳುವ ಹಾಗೆ ಮಾತಾಡುತ್ತಾರೆ. ಅದು ಯಾಕೆ ಎಂದು ನನಗೆ ಇವತ್ತಿಗೂ ತಿಳಿಯದು. ಹಾಡುಗಾರನ ವಿಷಯದಲ್ಲಿ ನಾನು ಲಲಿತಕ್ಕನ ಪಕ್ಷ.

ಈ ಚಟದಿಂದ ಒಮ್ಮೆ ಮರ್ಯಾದೆಯೂ ಹೋಯಿತು. ಸ್ವಾತಂತ್ರ್ಯ ದಿನದ ಕವಾಯತಿನ ಅಭ್ಯಾಸದಲ್ಲಿ ನಾನು ಎಡ ಬಲ ಎಡ ಬಲ ಎಡ ಬಲ ಎಡ ಎಂದು ಕೂಗಿ, ಮತ್ತೆ ಎಡ ಎಂದುಬಿಟ್ಟೆ. ಅರ್ಧ ಸಾಲು ನಿಂತಿತು, ಅರ್ಧ ಸಾಲು ಅದರ ಬೆನ್ನಿಗೆ ಹೋಗಿ ಬಿತ್ತು. ಹೆಡ್‌ಮಾಷ್ಟ್ರು ಕಿಟಕಿಯಲ್ಲಿ ಕಾಣಿಸಿಕೊಂಡರು. ನಾನು ಬಿದ್ದವರನ್ನೇ ಗದರಿಸಿ ಎಬ್ಬಿಸಿದೆ.

ನನಗಿದ್ದ ನಿಜವಾದ ಕಷ್ಟ ಬೇರೆ. ಹಂಝ ಪ್ರತಿ ಟ್ರಿಪ್ಪಿಗೂ ಕ್ಯಾಸೆಟ್ಟನ್ನು ಮೊದಲಿನಿಂದ ಹಾಕುತ್ತಿದ್ದ. ಬಸ್ಸಿನದೂ ಕ್ಯಾಸೆಟ್ಟಿನದೂ ಸಮಯ ನಿಶ್ಚಿತ. ಹಾಗಾಗಿ ಅರ್ಧ ಗಂಟೆಗೂ ಮಿಕ್ಕಿದ ಕೊನೆಯ ಹಾಡು ದಿನಾ ಒಂದೇ ಕಡೆ ಇರುವಾಗ ನನ್ನ ಶಾಲೆ ಬರುತ್ತಿತ್ತು. ಎಲ್ಲ ವಾದ್ಯಗಳೂ ಫಕ್ಕನೆ ನಿಂತು, ಒಂದು ಗಿಟಾರು ಮಾತ್ರ ಒಂಟಿಯಾಗಿ ಏನೋ ಕೇಳುವ ಹಾಗೆ ನುಡಿಯುವ ಜಾಗ. ಕಂಡಕ್ಟರ್ ಸೀಟಿ ಊದುತ್ತಿದ್ದ, ನಾನು ಇಳಿಯುತ್ತಿದ್ದೆ, ಆ ಪ್ರಶ್ನೆಯನ್ನು ಹೊತ್ತುಕೊಂಡು ಬಸ್ಸು ಮೂಡುಬಿದಿರೆಯ ಕಡೆಗೆ ಹೋಗುತ್ತಿತ್ತು. ಸಂಜೆ ಬರುವ ಬಸ್ಸು ಬೇರೆ, ಅದರಲ್ಲಿ ಮದುವೆ ಹಾಡು. ಮನೆಯಲ್ಲಿ ಇದ್ದದ್ದು ರೇಡಿಯೋ ಒಂದೇ. ಒಬ್ಬ ಡ್ರೈವರನ ಹತ್ತಿರ ಅವನ ಒಂದೇ ಒಂದು ಕ್ಯಾಸೆಟ್ಟನ್ನು ಎರವಲು ಕೇಳುವುದು ಅವನ ಕನ್ನಡಕ ಕೇಳಿದ ಹಾಗೆ. ರಸ್ತೆಗೆ ದನ ಅಡ್ಡ ಬಂದ ದಿನ ಮಾತ್ರ ನನಗೆ ಇನ್ನೂ ಸ್ವಲ್ಪ ಸಿಗುತ್ತಿತ್ತು. ನಂಬುತ್ತೀರಾ, ತಡ ಎಂಬ ಶಬ್ದವನ್ನೇ ಸಹಿಸದವನು ಸಿದ್ಧಕಟ್ಟೆಯ ದನಗಳಿಗಾಗಿ ಕಾಯತೊಡಗಿದೆ.

ಹೀಗೆ ಎರಡು ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಲಲಿತಕ್ಕನೇ ಸುದ್ದಿ ಹೇಳಿದರು: ದಮ್ಮಾಮಿನ ತಮ್ಮ ವೀಸಾ ಕಳಿಸಿದ್ದಾನೆ, ಹಂಝನದು ಇವತ್ತು ಕೊನೆಯ ದಿನ. ಅವನ ಜೊತೆ ಕ್ಯಾಸೆಟ್ಟೂ ಹೋಗುತ್ತದೆ ಎಂಬುದನ್ನು ಯಾರೂ ಹೇಳಬೇಕಾಗಿರಲಿಲ್ಲ. ದನಗಳಿಗೆ ಅವತ್ತು ರಜೆ. ಬಸ್ಸು ಸಮಯಕ್ಕೆ ಸರಿಯಾಗಿ ಶಾಲೆಯ ಎದುರು ನಿಂತಿತು. ಒಳಗೆ ಮಕ್ಕಳು ಪ್ರಾರ್ಥನೆಗೆ ಸಾಲು ನಿಲ್ಲುತ್ತಿದ್ದರು. ಆ ಸಾಲನ್ನು ನಾನಿಲ್ಲದೆ ಯಾರೂ ನಿಲ್ಲಿಸಿದ್ದಿಲ್ಲ. ಗಿಟಾರು ಒಂಟಿಯಾಗಿ ಕೇಳುತ್ತಿತ್ತು.

"ಮಾಷ್ಟ್ರೆ, ಶಾಲೆ ಬಂತು," ಎಂದ ಕಂಡಕ್ಟರ್.

"ಗೊತ್ತುಂಟು. ಹೋಗಲಿ. ಮೂಡುಬಿದಿರೆಗೆ ಒಂದು ಟಿಕೆಟ್ ಕೊಡು."

ಹಂಝ ಕನ್ನಡಿಯಲ್ಲಿ ನನ್ನನ್ನು ನೋಡಿದ. ಲಲಿತಕ್ಕ ನನ್ನ ಹಣೆ ಮುಟ್ಟಿ ನೋಡುವುದೊಂದು ಬಾಕಿ. ಬಸ್ಸು ಹೊರಟಿತು, ಡ್ರಮ್ಮು ಮೆಲ್ಲಗೆ ಬಂತು. ಬೆರಳ ತುದಿಯಿಂದ ನುಡಿಸಿದ ಹಾಗೆ, ಆ ಒಂಟಿ ಗಿಟಾರಿನ ಪಕ್ಕ ಬಂದು ಕೂತ ಹಾಗೆ. ಇಷ್ಟು ಗಲಾಟೆಯ ಜನರಿಗೆ ಇಷ್ಟು ಮೆತ್ತಗಿನ ಮಾತು ಗೊತ್ತಿತ್ತೇ ಎಂದು ನಾನು ಕಿಟಕಿಯ ಸರಳು ಹಿಡಿದುಕೊಂಡೆ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಸೇರಿ, ಮೊದಲ ಹಾಡಿನ ಅದೇ ಏಳಕ್ಕೆ ವಾಪಸು ಬಂದರು. ನನ್ನ ಎಡಗಾಲು ಎಡಕ್ಕೇ ಬಿತ್ತು. ಅಷ್ಟರಲ್ಲಿ ಮೂಡುಬಿದಿರೆ ಸ್ಟ್ಯಾಂಡು. ಜನ ಇಳಿದರು, ಹಂಝನ ಕೈ ಟೇಪಿನ ಗುಂಡಿಗೆ ಹೋಯಿತು.

"ಆಫ್ ಮಾಡಬೇಡ. ಕೊನೆ ಹೇಗೆ ಉಂಟು ಅಂತ ನೋಡಬೇಕು," ಎಂದೆ.

ಅವನು ತಿರುಗಿ ನೋಡಿದ. "ನಾನೂ ಕೇಳಿಲ್ಲ ಮಾಷ್ಟ್ರೆ. ಇಲ್ಲಿಗೆ ಬಂದ ಕೂಡಲೇ ಆಫ್ ಮಾಡುವುದಲ್ವಾ, ಮುಂದಿನ ಟ್ರಿಪ್ಪಿಗೆ ಜನ ಕರೀಬೇಕು."

ಇಷ್ಟು ಕಾಲ ಅದನ್ನು ಹೊತ್ತು ತಿರುಗಿದವನಿಗೂ ಕೊನೆ ಗೊತ್ತಿಲ್ಲ! ಹಂಝ ಕೈ ಹಿಂದಕ್ಕೆ ತೆಗೆದು ನನ್ನ ಎದುರಿನ ಸೀಟಿಗೆ ಬಂದು ಕೂತ. ಖಾಲಿ ಬಸ್ಸಿನಲ್ಲಿ ನಾವಿಬ್ಬರು. ಹಿಂದಿನ ಬಸ್ಸಿನವನು ಹಾರ್ನ್ ಹಾಕಿದ, ಬೈದ, ಮತ್ತೆ ಹಾರ್ನ್ ಹಾಕಿದ. ನಾವು ಅಲುಗಲಿಲ್ಲ. ಹಾಡು ಮುಗಿಯಬೇಕಾದಲ್ಲಿ ಮುಗಿಯಲಿಲ್ಲ. ಹೇಳಿದ್ದನ್ನೇ ಹೇಳಿತು, ಗಿಟಾರಿನವನು ಮತ್ತೆ ತಲೆಕೆಳಗಾದ, ಹೊಟ್ಟೆನೋವಿನವನು ಮತ್ತೆ ಕಿರುಚಿದ. ಕೊನೆಗೆ, ಹಿಂದಿನ ಸಾಲಿನಿಂದ ಹೇಳದೆ ಜಾರಿಹೋಗುವ ಹುಡುಗನ ಹಾಗೆ, ಸದ್ದು ಸಣ್ಣದಾಗುತ್ತಾ ಎಲ್ಲಿಗೋ ಹೋಯಿತು. ಒಂದು ವಿಶ್ರಾಮ್ ಇಲ್ಲ, ಒಂದು ನಮಸ್ಕಾರ ಇಲ್ಲ.

"ಹೇಗೆ ಉಂಟು ಮಾಷ್ಟ್ರೆ?" ಹಂಝನ ಮುಖದಲ್ಲಿ ರಿಸಲ್ಟು ಕಾಯುವ ಹುಡುಗನಿದ್ದ.

"ನಡು ಭಾರಿ ಚಂದ. ಕೊನೆ ಒಟ್ಟಾರೆ, ಬೇಕಾಬಿಟ್ಟಿ. ನಿಲ್ಲಿಸಲಿಕ್ಕೆ ಗೊತ್ತಿಲ್ಲ ಅವರಿಗೆ."

"ನನಗೂ ಹಾಗೇ ಕಂಡಿತು. ಇದಕ್ಕೆ ನಾವಿಬ್ಬರು ಲೇಟಾದದ್ದಾ?" ಎಂದು ಅವನು ಸೀಟಿನ ಕಂಬಿಗೆ ಹಣೆ ಇಟ್ಟು ನಗತೊಡಗಿದ. ನಾನೂ ನಕ್ಕೆ. ವಾಪಸು ಟ್ರಿಪ್ಪಿನಲ್ಲಿ ಅವನೇ ನನ್ನನ್ನು ಶಾಲೆಗೆ ಇಳಿಸಿದ. ಪ್ರಾರ್ಥನೆ ನಾನಿಲ್ಲದೆಯೇ ಮುಗಿದಿತ್ತು. ಸಾಲು ಸ್ವಲ್ಪ ಸೊಟ್ಟಗಿತ್ತಂತೆ, ಯಾರಿಗೂ ಏನೂ ಆಗಿರಲಿಲ್ಲ. ಈ ಸಂಗತಿ ನನಗೆ ಬಹಳ ದಿನ ಆಶ್ಚರ್ಯ ತಂದಿತು.

ನಾನೀಗ ಬೆಳ್ತಂಗಡಿಯಲ್ಲಿದ್ದೇನೆ. ಮೊನ್ನೆ ಹೆಂಡತಿಯ ತಾಳ್ಮೆ ಮುಗಿದು, ಬೆಲ್ಟು ತರಲು ಬಿ.ಸಿ.ರೋಡಿಗೆ ಹೋದೆ. ಹಂಝ ಕೆಲವು ವರ್ಷ ಗಲ್ಫಿನಲ್ಲಿದ್ದು ಬಂದವನು, ಬಸ್‌ಸ್ಟ್ಯಾಂಡಿನ ಎದುರು ಗ್ರೈಂಡರು ಮಿಕ್ಸಿಯ ಅಂಗಡಿ ಇಟ್ಟಿದ್ದಾನೆ. ಗಡ್ಡ ಬೆಳ್ಳಗಾಗಿದೆ, ತುಟಿ ಕಚ್ಚುವುದು ಬಿಟ್ಟಿಲ್ಲ. ಗ್ರೈಂಡರಿಗೆ ಎಂತ ಆಗಿದೆ ಎಂದು ಕೇಳಿದ. ನಾನು ಮೇಜಿನ ಮೇಲೆ ಬಡಿದು ತೋರಿಸಿದೆ: ದಡ ದಡ, ದಡ ದಡ, ದಡ ದಡ, ದಡ್. ಅವನ ಕೈ ನಿಂತಿತು. ಆಮೇಲೆ ಬೆರಳ ತುದಿಯಿಂದ, ಮೆಲ್ಲಗೆ, ನನ್ನ ಏಳರ ಪಕ್ಕದಲ್ಲೇ ಅವನೂ ಏಳು ಬಡಿದ.

"ಇದು ಸರಿ ಉಂಟಲ್ಲ ಮಾಷ್ಟ್ರೆ. ಇದಕ್ಕೆ ಬೆಲ್ಟ್ ಯಾಕೆ?"

ಹೊರಗೆ ಬೆಳ್ತಂಗಡಿಯ ಬಸ್ಸು ಹಾರ್ನ್ ಹಾಕಿತು. ನಿಮ್ಮ ಬಸ್ಸು ಎಂದು ಅವನು ಕೈ ತೋರಿಸಿದ. ಹೋಗಲಿ, ಹಿಂದೆ ಇನ್ನೊಂದು ಉಂಟು ಎಂದು ನಾನು ಸ್ಟೂಲು ಎಳೆದುಕೊಂಡೆ.

ಬೆಲ್ಟು ತಂದಿದ್ದೇನೆ. ಕಪಾಟಿನಲ್ಲಿ ಉಂಟು. ಹಾಕುವ, ಎಂತ ಅವಸರ?